ಒಂಟಿ ದಾರದ ಅಂಗಡಿ

ಕೆಂಪು ದೀಪ ಹತ್ತಿತು, ಇಸ್ತ್ರಿ ಪೆಟ್ಟಿಗೆಯ ಹಿಡಿಯ ಬುಡದಲ್ಲಿರುವ ಗುಲಗಂಜಿಯಷ್ಟು ದೀಪ, ಕ್ಷಮಿಸಬೇಕು, ಎಂದುಕೊಂಡಳು ಅವಳು, ಯಾರನ್ನು ಕೇಳುತ್ತಿದ್ದೇನೆ ಎಂದು ತನಗೇ ಗೊತ್ತಿಲ್ಲದೆ, ಇದನ್ನು ಸರ್ವರ್ ಎಂದು ಕರೆಯುವುದೇ ಅಧಿಕಪ್ರಸಂಗ, ಗಂಜಿಪುಡಿಯ ಡಬ್ಬದ ಪಕ್ಕ ಹಲಗೆಯ ಮೇಲೆ ಕೂತಿರುವ ಹಳೆಯ ಲ್ಯಾಪ್‌ಟಾಪು, ಕೀಲು ಮುರಿದು ಟೇಪು ಸುತ್ತಿಸಿಕೊಂಡದ್ದು, ಪರದೆಯ ಮೂಲೆಯಲ್ಲಿ ಮಸಿ ಚೆಲ್ಲಿದಂತೆ ಕಪ್ಪು ಮಚ್ಚೆ, ಅದರೊಳಗೆ ಸಂಜೆ ಕ್ಲಾಸಿನಲ್ಲಿ ಅಷ್ಟಿಷ್ಟು ಕಲಿತ ಹೆಂಗಸೊಬ್ಬಳು ಹೆದರಿ ಹೆದರಿ ಬರೆದ ಕೋಡು, ಇಂಥದ್ದನ್ನು ಮನಸ್ಸಿನೊಳಗೇ ಆದರೂ ಕಥೆ ಮಾಡಿ ಹೇಳಿಕೊಳ್ಳಬಾರದು, ತಿಳಿದವರು ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕೂತು ಮಾಡುವ ಕೆಲಸ, ನಾನು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕಾಲರು ತೀಡುವವಳು, ಯಾವುದೋ ಸಾಲಿನಲ್ಲಿ ಯಾವುದೋ ತಪ್ಪು ಇದ್ದೇ ಇರುತ್ತದೆ — ಆದರೂ ನಡೆಯುತ್ತಿದೆ. ಷಟರ್ ಎತ್ತಿದಾಗಿನಿಂದ ನಡೆಯುತ್ತಿದೆ. ಪರದೆ ತೆಗೆದ ಬಾಗಿಲಿನಾಚೆ ಕೌಂಟರು, ಕೌಂಟರಿನಲ್ಲಿ ಅಕ್ಕನ ಬೆನ್ನು, ನೀಲಿ ಸ್ವೆಟರು, ಬಿಗಿಯಾಗಿ ಸುತ್ತಿದ ತುರುಬು, ಅದರಲ್ಲಿ ಯಾವಾಗಲೂ ಸಿಕ್ಕಿಸಿಕೊಂಡಿರುವ ಪೆನ್ಸಿಲು, ಆಚೆ ಗಾಜು, ಗಾಜಿನಾಚೆ ಬೀದಿ, ಬೀದಿಯಲ್ಲಿ ಶನಿವಾರ. ಶನಿವಾರವೇ ಬೇಕು ಎಂದಿದ್ದರು ಭಾವ, ಬೇರೆ ದಿನ ಯಾರು ಬೇಕಾದ್ರೂ ಸಂಭಾಳಿಸ್ತಾರೆ, ಶನಿವಾರದ ನೂಕುನುಗ್ಗಲು ತಡೀಲಿ ನಿನ್ನ ಡಬ್ಬ, ಹೋದ ಸಲ ತಡೀಲಿಲ್ಲ, ಈ ಸಲ ತಡೆದ್ರೆ ಸರಿ, ಇಲ್ಲದಿದ್ರೆ ಸೋಮವಾರದಿಂದ ಕೌಂಟರಿಗೆ ನನ್ನ ತಮ್ಮನ್ನ ಕರೆಸ್ತೀನಿ, ನಿಮ್ಮಕ್ಕ ಒಳಗೆ ಬಂದು ಆರಾಮಾಗಿ ಮಡಿಕೆ ಹಾಕ್ಕೊಂಡಿರಲಿ. ಆರಾಮಾಗಿ! ಈಗ ಅದೇ ಭಾವ ಹ್ಯಾಂಗರುಗಳನ್ನು ಸರಿಮಾಡುವ ನೆಪದಲ್ಲಿ ಕೌಂಟರಿನ ಹತ್ತಿರವೇ ನಿಂತಿದ್ದಾರೆ, ಸರಿಯಾಗಿರುವ ಹ್ಯಾಂಗರನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದಾರೆ, ಕಣ್ಣು ಅಕ್ಕನ ಎದುರಿನ ಪುಟ್ಟ ಪರದೆಯ ಮೇಲೆ. ಪರದೆಯಲ್ಲಿ ನಂಬರು ಮೂಡಿತು, ಅಕ್ಕ ಹೂಂ ಅಂದಳು, ಎದ್ದಳು, ಗೂಡಿನಿಂದ ಒಂದು ಗಂಟು ಎತ್ತಿ ಕೌಂಟರಿನ ಮೇಲಿಟ್ಟಳು, ಬಾಗಿಲು ತೆರೆಯಿತು, ಆಸ್ಪತ್ರೆಯ ನರ್ಸು ಒಳಗೆ ಬಂದಳು, ಅಯ್ಯೋ ಆಗಲೇ ತೆಗೆದಿಟ್ಟಿದೀರಾ, ಅಂದಳು. ಅಕ್ಕ ನಕ್ಕಳು. ಆ ನಗುವಿಗೆ ಕಿವಿ ಬೇಕಾಗಿರಲಿಲ್ಲ. ಇಷ್ಟೇ, ಇದು ಇಷ್ಟೇ ಮಾಡುವುದು: ಗಿರಾಕಿ ಎಲ್ಲೋ ಕೂತು ಫೋನಿನಲ್ಲಿ ತನ್ನ ಚೀಟಿಯ ನಂಬರು ಒತ್ತಿದರೆ ಬಟ್ಟೆ ಒಣಗುತ್ತಿದೆಯೋ, ಇಸ್ತ್ರಿಗೆ ಬಂದಿದೆಯೋ, ಆಗಿದೆಯೋ ಹೇಳುತ್ತದೆ, ಹೊರಟಿದ್ದೇನೆ ಎಂಬ ಗುಂಡಿ ಒತ್ತಿದರೆ ಅಕ್ಕನ ಪರದೆಯಲ್ಲಿ ಆ ನಂಬರು ಮೂಡಿಸುತ್ತದೆ, ಯಾರೂ ಕೂಗಿ ಹೇಳಬೇಕಾಗಿಲ್ಲ, ಯಾರೂ ಕೇಳಿಸಿಕೊಳ್ಳಬೇಕಾಗಿಲ್ಲ.

ಕೇಳಿಸಿಕೊಳ್ಳುವುದು — ಆ ಪದವನ್ನು ಈ ಅಂಗಡಿಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ, ಎಷ್ಟು ಕಾಲದಿಂದ, ಗೋಡೆಯ ಫೋನು ಬಡಿದುಕೊಳ್ಳುತ್ತಿದ್ದರೂ ಅಕ್ಕ ಎದುರಿಗೇ ಕೂತು ಚೀಟಿ ಬರೆಯುತ್ತಿದ್ದ ದಿನದಿಂದಲೋ, ಅದಕ್ಕೂ ಮುಂಚಿನಿಂದಲೋ, ಆಮೇಲೆ ಅಕ್ಕ ಒಂದು ಉಪಾಯ ಕಂಡುಕೊಂಡಳು, ಒರೆಸುವ ಬಟ್ಟೆ ಹಿಡಿದು ಆಗಾಗ ಫೋನನ್ನು ಒರೆಸುವುದು, ಒರೆಸುತ್ತಾ ಅಂಗೈಯನ್ನು ಅದರ ಬೆನ್ನಿನ ಮೇಲೆ ಇಟ್ಟುಕೊಂಡೇ ಇರುವುದು, ನಡುಗಿದರೆ ಎತ್ತುವುದು, ಎಷ್ಟು ಹೊಳೆಯುವ ಫೋನು ನಿಮ್ಮ ಅಂಗಡಿದು ಎಂದು ಒಬ್ಬರು ಹೊಗಳಿಯೂ ಇದ್ದರು. ಎತ್ತಿದ ಮೇಲೆ ಆ ಕಡೆಯವರು ಏನು ಹೇಳುತ್ತಿದ್ದರೋ, ಅಕ್ಕ ಹೂಂ, ಹೂಂ, ಆಗುತ್ತೆ, ಬನ್ನಿ ಅನ್ನುತ್ತಿದ್ದಳು, ಎಲ್ಲರಿಗೂ ಬನ್ನಿ, ಬಟ್ಟೆ ಇನ್ನೂ ತೊಟ್ಟಿಯಲ್ಲಿ ನೆನೆಯುತ್ತಿದ್ದವರಿಗೂ ಬನ್ನಿ. ಭಾವ ಕಿವಿಗೆ ಹಾಕುವ ಮಷಿನ್ನು ತಂದುಕೊಟ್ಟರು, ಅಕ್ಕ ಒಂದು ದಿನ ಹಾಕಿಕೊಂಡಳು, ಕಿವಿಯೊಳಗೆ ಜೀರುಂಡೆ ಸಾಕಿದ ಹಾಗಿದೆ ಕಣ್ರೀ, ಅಂದಳು, ಡ್ರಾಯರಿಗೆ ಹಾಕಿ ಬೀಗ ಹಾಕಿದಳು, ಆ ವಿಷಯಕ್ಕೂ ಬೀಗ. ಆಮೇಲೆ ಕರಿಕೋಟಿನ ಪ್ರಸಂಗ — ಕೋರ್ಟಿಗೆ ಹೋಗುವ ವಕೀಲರು, ಅಕ್ಕ ಇಟ್ಟ ಹೆಸರು ಕರಿಕೋಟು — ತೋಳು ಒಂದು ಬೆರಳು ಗಿಡ್ಡ ಮಾಡಿ ಅಮ್ಮಾ ಎಂದಿದ್ದರು, ಅಕ್ಕನಿಗೆ ದೊಡ್ಡ ಎಂದು ಕೇಳಿಸಿತು, ಮಡಿಕೆ ಬಿಚ್ಚಿ ದೊಡ್ಡದು ಮಾಡಿಬಿಟ್ಟಳು, ಅವರು ಕೋಟು ತೊಟ್ಟು ನಿಂತರೆ ಕೈಗಳೇ ಮಾಯ, ಬೆರಳ ತುದಿಯೂ ಕಾಣುತ್ತಿಲ್ಲ, ಅಕ್ಕ ಒಂದು ಕ್ಷಣ ನೋಡಿದಳು, ಇರಲಿ ಬಿಡಿ ಸಾರ್, ಇನ್ನೂ ಬೆಳೆಯೋ ವಯಸ್ಸು ನಿಮ್ದು, ಅಂದುಬಿಟ್ಟಳು, ನೆತ್ತಿಯ ಮೇಲೆ ಒಂದು ಕೂದಲೂ ಇಲ್ಲದ ಮನುಷ್ಯ, ಬಿದ್ದು ಬಿದ್ದು ನಕ್ಕರು, ಅಂಗಡಿಯೇ ನಕ್ಕಿತು. ಭಾವ ನಗಲಿಲ್ಲ. ಭಾವ ಕೆಟ್ಟವರಲ್ಲ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು, ಅವರು ಅಕ್ಕನ ಮಾನ ಉಳಿಸುವುದಕ್ಕೇ ಅಕ್ಕನನ್ನು ಒಳಗೆ ಕೂರಿಸಬೇಕೆಂದಿದ್ದಾರೆ, ಅಕ್ಕ ಅದನ್ನು ಕೇಳಿ — ತುಟಿ ನೋಡಿ — ಹೋಗಿ ಮಡಿಸಿಟ್ಟ ಅಂಗಿಗಳನ್ನೆಲ್ಲ ಬಿಡಿಸಿ ಮತ್ತೆ ಮಡಿಸಿದಳು, ಕೌಂಟರಿನಿಂದ ಎದ್ದರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ ಎಂದು ಅವತ್ತು ಇವಳಿಗೆ ಗೊತ್ತಾಯಿತು, ತಾನು ಏನಾದರೂ ಮಾಡಬೇಕು ಎಂದೂ, ಆದರೆ ನಾನು, ನಾನೇನು ಮಾಡಬಲ್ಲೆ, ನನಗೆ ಗೊತ್ತಿರುವುದು ಗಂಜಿ ಹಾಕುವುದು ಮತ್ತು ಸಂಜೆ ಕ್ಲಾಸಿನ ಅರೆಬರೆ ಪಾಠ.

ದೀಪ ಆರಿತು, ಪೆಟ್ಟಿಗೆ ಎತ್ತಿಕೊಂಡಳು, ಬಿಳಿ ಅಂಗಿಯ ಬೆನ್ನಿನ ಮೇಲೆ ಆವಿಯ ವಾಸನೆ, ಒದ್ದೆ ಹತ್ತಿಯ ಬಿಸಿ, ಸಂಜೆ ಕ್ಲಾಸಿನ ಕೋಣೆಗೆ ಈ ವಾಸನೆ ತನ್ನ ಜೊತೆಯಲ್ಲೇ ಬರುತ್ತಿತ್ತು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಮುಂದಿನವರೆಲ್ಲ ತನ್ನ ಅರ್ಧ ವಯಸ್ಸಿನವರು, ಪಾಠ ಹೇಳುವ ಸರ್ ಕೂಡ ತನಗಿಂತ ಚಿಕ್ಕವರೇ, ಅವರ ಅಂಗಿಯ ಸುಕ್ಕು ನೋಡಿದರೆ ಕೈ ತುರಿಸುತ್ತಿತ್ತು, ಒಂದು ಸಲ ಬಿಚ್ಚಿಕೊಡಿ ಸರ್, ತಟಕ್ಕನೆ ತೀಡಿಕೊಡ್ತೀನಿ ಎಂದು ಹೇಳಬೇಕೆನಿಸುತ್ತಿತ್ತು, ಹೇಳಲಿಲ್ಲ, ಪುಣ್ಯ. ಈ ಸರ್ವರು ಒಂದೇ ಥ್ರೆಡ್ಡಿನಲ್ಲಿ ನಡೆಯುತ್ತೆ, ಅಂದರು ಸರ್, ಥ್ರೆಡ್ ಅಂದ್ರೆ ಎಳೆ, ಕೆಲಸದ ಒಂದು ಎಳೆ, ನೂರು ಗಿರಾಕಿ ಬಂದ್ರೂ ನೋಡಿಕೊಳ್ಳೋದು ಅದೊಂದೇ. ಅವಳ ಕೈ ತಾನಾಗಿಯೇ ಮೇಲೆ ಹೋಯಿತು, ಒಂಟಿ ದಾರ ಸಾಕಾ ಸರ್, ಗುಂಡಿ ಹೊಲಿಯೋವಾಗಲೂ ನಾವು ಎರಡೆಳೆ ಹಾಕ್ತೀವಿ, ಒಂದೆಳೆ ಆದ್ರೆ ಉದುರಿಹೋಗುತ್ತೆ. ಕ್ಲಾಸು ಘೊಳ್ಳೆಂದಿತು. ಕಿವಿ ಬೆಂಕಿಯಾಯಿತು, ಕೈಯನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ, ಬೆಂಚಿನ ಕೆಳಗೆ ಬಚ್ಚಿಟ್ಟಳು. ಸರ್ ನಗಲಿಲ್ಲ, ಸೀಮೆಸುಣ್ಣ ತಿರುವುತ್ತಾ ಯೋಚನೆ ಮಾಡಿದರು, ಒಳ್ಳೆ ಪ್ರಶ್ನೆ ಅಮ್ಮಾ, ಒಂಟಿ ದಾರ ಸಾಕು, ಆದರೆ ಮಧ್ಯೆ ಎಲ್ಲೂ ಗಂಟು ಬೀಳಬಾರದು, ಒಂದು ಕಡೆ ಗಂಟು ಬಿತ್ತೋ ಇಡೀ ಎಳೆ ಅಲ್ಲೇ ನಿಂತುಹೋಗುತ್ತೆ, ಹಿಂದೆ ಇರೋರೆಲ್ಲ ನಿಂತೇ ಇರ್ತಾರೆ. ಒಬ್ಬನೇ ಸಪ್ಲೈಯರ್ ಇರೋ ಹೋಟೆಲು ಅಂದ್ಕೊಳ್ಳಿ, ಅಂದರು, ಒಂದು ಟೇಬಲ್ಲಿನ ತಿಂಡಿ ಬೇಯೋವರೆಗೂ ಅವನು ಅಡುಗೆಮನೆ ಬಾಗಿಲಲ್ಲೇ ನಿಂತರೆ ಮಿಕ್ಕವರ ಗತಿ ಏನು, ನಿಲ್ಲಬಾರದು, ಆರ್ಡರು ಒಳಗೆ ಹೇಳಿ ಪಕ್ಕದ ಟೇಬಲ್ಲಿಗೆ ಹೋಗಬೇಕು, ಬೆಂದ ಮೇಲೆ ಗಂಟೆ ಬಡೀತಾರೆ, ಆಗ ಬಂದು ತಗೊಂಡುಹೋಗಬೇಕು. ಅವರು ಹೋಟೆಲು ಹೋಟೆಲು ಅನ್ನುತ್ತಿದ್ದರು, ಅವಳಿಗೆ ಕಾಣುತ್ತಿದ್ದದ್ದು ಅಕ್ಕ. ಕೌಂಟರಿನಲ್ಲಿ ಅಕ್ಕ, ಎದುರಿಗೆ ನಿಧಾನಪ್ಪ — ಬೀದಿ ಕೊನೆಯ ಗಡಿಯಾರ ರಿಪೇರಿಯವರು, ಊರಿನ ಗಡಿಯಾರಗಳನ್ನೆಲ್ಲ ಓಡಿಸುತ್ತಾರೆ, ತಾವು ಮಾತ್ರ ಓಡುವುದಿಲ್ಲ, ಒಂದು ಬಿಳಿ ಅಂಗಿ, ಅನ್ನುತ್ತಾರೆ, ಚಾವಣಿ ನೋಡುತ್ತಾರೆ, ಗಲ್ಲ ಕೆರೆಯುತ್ತಾರೆ, ಆಮೇಲೆ, ಅನ್ನುತ್ತಾರೆ, ಆ ಆಮೇಲೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು — ನೀವು ನೆನಪು ಮಾಡ್ಕೊಳ್ತಾ ಇರಿ ಸ್ವಾಮಿ, ಅಷ್ಟರಲ್ಲಿ ಇವರನ್ನ ಕಳಿಸಿಬಿಡ್ತೀನಿ, ಅನ್ನುವಳು ಅಕ್ಕ, ಮುಂದಿನವರ ಗಂಟು ಕೊಟ್ಟು, ಅದರಾಚೆಯವರ ಚೀಟಿ ಬರೆದು, ಕರಿಕೋಟಿನ ಗುಂಡಿಗೆ ದಾರ ಏರಿಸಿ, ಅಷ್ಟೂ ಆದ ಮೇಲೆ ತಿರುಗಿ, ಹಾಂ, ಬಿಳಿ ಅಂಗಿ ಅಂದ್ರಿ, ಆಮೇಲೆ? ಎಲ್ಲಿ ಬಿಟ್ಟಿದ್ದಳೋ ಅದೇ ಜಾಗದಿಂದ, ಒಂದು ಕೂದಲೆಳೆ ಆಚೀಚೆ ಇಲ್ಲ. ಕಿವಿ ಕೇಳುತ್ತಿದ್ದ ಕಾಲದಲ್ಲಿ ಅಕ್ಕ ಹೀಗೆ ಇಡೀ ಶನಿವಾರವನ್ನು ಒಬ್ಬಳೇ ದಾಟಿಸುತ್ತಿದ್ದಳು, ಯಾರೂ ನಿಂತದ್ದಿಲ್ಲ, ಯಾರೂ ತಾನು ಕಾದೆ ಎಂದುಕೊಂಡದ್ದಿಲ್ಲ. ಸರ್, ಇಬ್ಬರು ಒಂದೇ ಸಲ ಸಿದ್ಧವಾದ್ರೆ ಯಾರನ್ನ ಮೊದಲು ನೋಡುತ್ತೆ, ಎಂದು ಅವಳು ಇನ್ನೊಂದು ಸಲ ಕೈ ಎತ್ತಿ ಕೇಳಿದಳು, ಈ ಸಲ ಯಾರೂ ನಗಲಿಲ್ಲ. ಅದು ಹೇಳೋಕಾಗಲ್ಲ, ಅಂದರು ಸರ್, ಒಬ್ಬರು ಮೊದಲು, ಒಬ್ಬರು ಆಮೇಲೆ, ಹೊರಗೆ ನಿಂತು ನೋಡೋರಿಗೆ ಗೊತ್ತಾಗಲ್ಲ.

ಹಾಗೆ ಕಟ್ಟಿದಳು, ಅಕ್ಕನನ್ನು ನೋಡಿ ನೋಡಿ ಕಟ್ಟಿದಳು, ಗೊತ್ತಿಲ್ಲದ ಊರಿಗೆ ಕೇಳಿ ಕೇಳಿ ನಡೆದ ಹಾಗೆ, ಬಾಗಿಲು ತೆರೆದಿಡುವ ಸಾಲು, ಬಂದವರನ್ನು ಒಳಗೆ ಕರೆಯುವ ಸಾಲು, ಪ್ರತಿಯೊಬ್ಬರು ಎಲ್ಲಿಯವರೆಗೆ ಹೇಳಿದ್ದರು ಎಂದು ನೆನಪಿಟ್ಟುಕೊಳ್ಳುವ ಸಾಲು, ಯಾರು ಸಿದ್ಧ, ಯಾರು ಸಿದ್ಧ ಎಂದು ಸುತ್ತುತ್ತಲೇ ಇರುವ ಸುತ್ತು. ಇಂಗ್ಲಿಷಿನ ಪದಗಳು ನಾಲಿಗೆಗೆ ಸಿಕ್ಕಿದರೂ ತಲೆಗೆ ಸಿಗುತ್ತಿರಲಿಲ್ಲ, ಒಂದೊಂದರ ಪಕ್ಕವೂ ಕನ್ನಡದಲ್ಲಿ ಟೈಪು ಮಾಡಿಟ್ಟುಕೊಂಡಳು, ಅವೇಟ್ ಎಂದು ಇರುವಲ್ಲೆಲ್ಲ ಕಾಯಿ, ಸ್ಲೀಪ್ ಎಂದು ಇರುವಲ್ಲಿ ಮಲಗು. ಅಕ್ಕ ಒಂದು ಮಧ್ಯಾಹ್ನ ಭುಜದ ಮೇಲಿಂದ ಬಗ್ಗಿ ನೋಡಿದ್ದಳು, ಏನೇ ಪುಟ್ಟಿ ಇದು, ಕಾಯಿ ಕಾಯಿ ಕಾಯಿ, ಲಾಂಡ್ರಿ ಮುಚ್ಚಿ ತರಕಾರಿ ಅಂಗಡಿ ಇಡ್ತೀಯಾ? ಕಾಯಿ ಅಲ್ಲ ಅಕ್ಕಾ, ಕಾಯೋದು, ಎಂದು ಜೋರಾಗಿ ಹೇಳಿದಳು, ಬೀದಿಗೇ ಕೇಳಿಸುವಷ್ಟು, ಹೇಳಿದ ಮೇಲೆ ನಾಚಿಕೆಯಾಯಿತು. ಮಲಗು ಎಂಬುದನ್ನು ಎಲ್ಲಿ ಬರೆದೆ, ಯಾಕೆ ಬರೆದೆ, ಈಗ ನೆನೆದರೂ ಮೈ ಹಿಡಿಯಾಗುತ್ತದೆ — ಗಿರಾಕಿಯ ಫೋನಿನಿಂದ ಅರ್ಧ ಮಾತು ಬಂದು ನಿಂತುಹೋದರೆ ಏನು ಮಾಡಬೇಕು, ಸಿಗ್ನಲ್ಲು ಸರಿಯಿಲ್ಲದ ಕಡೆ ಹಾಗಾಗುತ್ತದೆ, ನಂಬರಿನ ಒಂದು ಚೂರು ಬರುತ್ತದೆ, ಮಿಕ್ಕದ್ದು ದಾರಿಯಲ್ಲಿ — ಅವಳು ಬರೆದಳು, ಮಾತು ಪೂರ್ತಿಯಾಗದಿದ್ದರೆ ಒಂದು ಚಣ ಮಲಗು, ಎದ್ದು ನೋಡು, ಬಂದಿಲ್ಲವೋ, ಮತ್ತೆ ಮಲಗು. ಅದರಲ್ಲೇನು ತಪ್ಪು ಎಂದೇ ಅನ್ನಿಸಿತ್ತು. ಜೀವನವಿಡೀ ಅವಳು ಕಾದದ್ದೇ ಹಾಗೆ, ಬಸ್ ಸ್ಟಾಪಿನಲ್ಲಿ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಆಫೀಸುಗಳ ಬೆಂಚಿನ ಮೇಲೆ, ಕೈ ಕಟ್ಟಿಕೊಂಡು, ಕಣ್ಣು ಅರೆ ಮುಚ್ಚಿಕೊಂಡು, ಕಾಯುವುದು ಎಂದರೆ ಬೇರೆ ಏನೂ ಮಾಡದೆ ಇರುವುದು, ಕಾಯುವುದಕ್ಕೂ ಮಲಗುವುದಕ್ಕೂ ಏನು ವ್ಯತ್ಯಾಸ. ಹೋದ ಶನಿವಾರ ಗೊತ್ತಾಯಿತು ವ್ಯತ್ಯಾಸ. ನಿಧಾನಪ್ಪ ತಮ್ಮ ಹಳೆಯ ಫೋನಿನಿಂದ, ಬಸ್ಸಿನೊಳಗೆ ಕೂತು, ನಂಬರು ಒತ್ತಿದರು, ಅವರ ಮಾತಿನಂತೆಯೇ ಅವರ ಫೋನು, ಅರ್ಧಕ್ಕೆ ನಿಂತಿತು, ಸರ್ವರು ಮಲಗಿತು, ಎದ್ದಿತು, ಮಲಗಿತು, ಅಷ್ಟೇ, ಇಡೀ ಅಂಗಡಿ ಮಲಗಿಬಿಟ್ಟಿತು, ನರ್ಸು ಒತ್ತಿದರೂ ಇಲ್ಲ, ಕರಿಕೋಟು ಒತ್ತಿದರೂ ಇಲ್ಲ, ಅಕ್ಕನ ಪರದೆಯ ಮೇಲೆ ಹಳೆಯ ನಂಬರೊಂದು ಗೋಡೆಗೆ ಹೊಡೆದ ಮೊಳೆಯಂತೆ, ಜನ ಕೌಂಟರಿಗೆ ಬಂದು ಬಾಯಿಮಾತಿನಲ್ಲಿ ಕೇಳತೊಡಗಿದರು, ಒಟ್ಟಿಗೆ, ಎಲ್ಲರೂ, ಅಕ್ಕ ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಕಣ್ಣು ಹೊರಳಿಸುತ್ತಾ, ಹೂಂ, ಹೂಂ, ಆಗುತ್ತೆ, ಅನ್ನುತ್ತಾ, ಎಡವುತ್ತಾ, ಬೇರೆಯವರ ಸೀರೆಯನ್ನು ಬೇರೆಯವರ ಕೈಗೆ ಕೊಡುತ್ತಾ — ಭಾವ ಮೆಲ್ಲಗೆ ಅಕ್ಕನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ತಾವು ನಿಂತರು. ಆ ಕೈ. ಭುಜದ ಮೇಲಿನ ಆ ಮೃದುವಾದ ಕೈಯನ್ನು ಅವಳು ಮರೆಯುವುದಿಲ್ಲ, ಅದಕ್ಕೆ ಕಾರಣ ಅವಳು ಬರೆದ ಒಂದು ಪದ. ಕ್ಲಾಸಿನಲ್ಲಿ ಸರ್‌ಗೆ ತೋರಿಸಿದಳು, ಅಳು ನುಂಗಿಕೊಂಡು, ಅವರು ಮೊದಲಿನಿಂದ ಕೊನೆಯವರೆಗೆ ಕಣ್ಣಾಡಿಸಿದರು, ನಿಮ್ಮ ಸರ್ವರು ಎಲ್ಲೋ ಒಂದು ಕಡೆ ನಿದ್ದೆ ಹೊಡೀತಿದೆ, ಎಲ್ಲಿ ಅಂತ ನೀವೇ ಹುಡುಕಿ, ನಾನು ಹೇಳಿದ್ರೆ ನಿಮ್ದಾಗಲ್ಲ, ಅಂದರು, ಮನೆಗೆ ಬರುವ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡಳು, ಹೇಳಿದ್ದರೆ ಗಂಟೇನು ಹೋಗುತ್ತಿತ್ತು.

ಕೆಂಪು ದೀಪ, ಮತ್ತೆ ಹತ್ತಿತು, ಪೆಟ್ಟಿಗೆಯನ್ನು ನಿಲ್ಲಿಸಿದಳು, ಹೀಗೇ ನಿಲ್ಲಿಸಿದ್ದಳು ಅವತ್ತೂ, ವಾರದ ನಡುವಿನ ಒಂದು ಸಪ್ಪೆ ಮಧ್ಯಾಹ್ನ, ಅಂಗಿಯೊಂದನ್ನು ಹಲಗೆಯ ಮೇಲೆ ಹರಡಿಕೊಂಡು ದೀಪವನ್ನೇ ನೋಡುತ್ತಾ ನಿಂತಿದ್ದಳು, ತಲೆಯೊಳಗೆ ಸಾಲುಗಳು ಸುತ್ತುತ್ತಿದ್ದವು, ಎಲ್ಲಿ ನಿದ್ದೆ, ಎಲ್ಲಿ, ಅಕ್ಕ ಒಳಗೆ ಬಂದಳು, ದಾರದ ಉಂಡೆ ಹುಡುಕಿಕೊಂಡು, ಇವಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು, ಇಸ್ತ್ರಿ ಪೆಟ್ಟಿಗೆ ಮುಖ ನೋಡ್ಕೊಂಡು ಏನೇ ನಿಂತಿದೀಯ, ಕಾಯೋದು ಅದರ ಕೆಲಸ ಕಣೇ, ನಿಂದಲ್ಲ, ದೀಪ ಆರಿದಾಗ ಗೊತ್ತಾಗುತ್ತೆ, ಅಷ್ಟರಲ್ಲಿ ಆ ಗುಂಡಿ ಹೊಲಿಯಬಾರದಾ. ಕಾಯೋದು ಅದರ ಕೆಲಸ. ಹಲಗೆಯಿಂದ ಅಂಗಿ ಜಾರಿ ಬಿತ್ತು. ಪೆಟ್ಟಿಗೆಯೂ ಕಾಯುತ್ತದೆ, ಮನುಷ್ಯರೂ ಕಾಯುತ್ತಾರೆ, ಒಂದೇ ಪದ, ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಓಡಾಡಿದ್ದೇನೆ, ಪೆಟ್ಟಿಗೆ ಕಾಯುವಾಗ ಸುಮ್ಮನೆ ಇರುತ್ತದೆಯೇ, ಒಳಗೊಳಗೇ ಬಿಸಿಯಾಗುತ್ತಿರುತ್ತದೆ, ಅದರ ಪಾಡಿಗೆ ಅದು, ನನ್ನ ಕೈಯನ್ನು ನನಗೇ ಬಿಟ್ಟುಕೊಟ್ಟು, ನಾನು ಆ ಕೈಯಿಂದ ಇನ್ನೊಂದು ಕೆಲಸ ಮಾಡಬಹುದು, ದೀಪ ಆರಿದಾಗ ಬರಬಹುದು — ಅವೇಟ್ ಎಂದರೆ ಬಸ್ ಸ್ಟಾಪಿನ ಕಾಯುವುದಲ್ಲ, ಇಸ್ತ್ರಿ ಪೆಟ್ಟಿಗೆಯ ಕಾಯುವುದು, ನಿಧಾನಪ್ಪನವರ ಮಾತು ಕಾಯಲಿ, ಅದರ ಪಾಡಿಗೆ ಅದು ಕಾಯಲಿ, ಎಳೆಯನ್ನು ಬಿಡು, ನರ್ಸನ್ನು ಕಳಿಸು, ಕರಿಕೋಟನ್ನು ಕಳಿಸು, ಅಕ್ಕ ಮಾಡುತ್ತಿದ್ದದ್ದು ಇದೇ ಅಲ್ಲವೇ, ನೀವು ನೆನಪು ಮಾಡ್ಕೊಳ್ತಾ ಇರಿ ಸ್ವಾಮಿ — ನೋಡಿ ನೋಡಿ ಕಟ್ಟಿದೆ ಎಂದುಕೊಂಡೆ, ನೋಡಬೇಕಾದದ್ದನ್ನೇ ನೋಡಿರಲಿಲ್ಲ. ಅಂಗಿ ಎತ್ತಿಕೊಳ್ಳದೆ ಲ್ಯಾಪ್‌ಟಾಪಿನ ಮುಂದೆ ಕೂತಳು, ಮಲಗು ಎಂದಿದ್ದಲ್ಲಿ ಕಾಯಿ ಬರೆದಳು, ಸಾಲನ್ನು ಸ್ವಲ್ಪ ತಿರುಗಿಸಿ, ಓದುವ ಕೆಲಸವನ್ನೇ ಆ ಪದದ ಹಿಂದೆ ಕಟ್ಟಿ, ಆಮೇಲೆ ಹೆದರಿ, ಮತ್ತೆ ಓದಿ, ಮತ್ತೆ ಹೆದರಿ, ತನ್ನ ಫೋನಿನಿಂದಲೇ ಅರ್ಧ ಮಾತು ಕಳಿಸುವ ಆಟ ಹೂಡಿ, ಅರ್ಧಕ್ಕೆ ನಿಲ್ಲಿಸಿ, ಅಕ್ಕನ ಫೋನಿನಿಂದ ಪೂರ್ತಿ ಮಾತು ಕಳಿಸಿದಳು. ಬಂತು ಉತ್ತರ. ತಕ್ಷಣ. ಕೋಣೆಯಲ್ಲಿ ಯಾರೂ ಇರಲಿಲ್ಲ, ಗಂಜಿಪುಡಿಯ ಡಬ್ಬಕ್ಕೆ ಹೇಳಿದಳು, ನೋಡಿದೆಯಾ, ಅಂತ.

ಈಗ ಅಂಗಡಿಯಲ್ಲಿ ಜನ, ಬಾಗಿಲು ಮುಚ್ಚಲು ಪುರುಸೊತ್ತಿಲ್ಲ, ಲ್ಯಾಪ್‌ಟಾಪಿನಲ್ಲಿ ಸಾಲುಗಳು ಮೇಲಕ್ಕೆ ಹರಿಯುತ್ತಿವೆ, ಒಬ್ಬರು ಬಂದರು, ಹೇಳಿದರು, ಹೋದರು, ಒಬ್ಬರು ಬಂದರು, ಅವಳು ತೀಡುತ್ತಾಳೆ, ಓರೆಗಣ್ಣಿನಲ್ಲಿ ಓದುತ್ತಾಳೆ, ಕಾಲರು, ತೋಳು, ಬೆನ್ನು, ಬಂದರು, ಹೋದರು, ಅಕ್ಕನ ಪರದೆಗೆ ಕಟ್ಟಿದ ಸಂಪರ್ಕ ಒಂದು ಮಾತ್ರ ಹೋಗುವುದೇ ಇಲ್ಲ, ಬೆಳಿಗ್ಗೆಯಿಂದ ತೆರೆದೇ ಇದೆ, ಕಾಯುತ್ತಾ, ಮೂರನೆಯ ರೀತಿಯ ಕಾಯುವುದು ಅದು, ಅಂಗಡಿ ಕಾಯುವುದು. ಆಗ ಆ ಸಾಲು. ಒಬ್ಬರು ಬಂದರು. ಅಷ್ಟೇ. ಹೇಳಲಿಲ್ಲ. ಅರ್ಧ ಬಂದಿದೆ, ಇನ್ನರ್ಧ ಇಲ್ಲ. ನಿಧಾನಪ್ಪ, ಅಂದುಕೊಂಡಳು, ನೋಡಬೇಕಾಗಿಯೇ ಇರಲಿಲ್ಲ, ನಿಧಾನಪ್ಪನೇ, ಇನ್ಯಾರು, ಅದೇ ಬಸ್ಸು, ಅದೇ ಫೋನು, ಪೆಟ್ಟಿಗೆ ಅಂಗಿಯ ಮೇಲೇ ಇದೆ ಎಂದು ವಾಸನೆ ಬಂದ ಮೇಲೆ ಗೊತ್ತಾಯಿತು, ತಟ್ಟನೆ ಎತ್ತಿದಳು, ಸುಟ್ಟಿಲ್ಲ, ಹಳದಿ ನೆರಳೊಂದು, ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ, ದೇವರೇ ಹೋಗಲಿ. ಕೌಂಟರಿನಲ್ಲಿ ಭಾವನ ಕೈ ಹ್ಯಾಂಗರಿನ ಮೇಲೆ ನಿಂತಿದೆ, ಅಕ್ಕನ ಭುಜಕ್ಕೆ ಎಷ್ಟು ಹತ್ತಿರ ಆ ಕೈ. ಒಬ್ಬರು ಬಂದರು, ಹೇಳಲಿಲ್ಲ. ಅದರ ಕೆಳಗೆ — ಒಬ್ಬರು ಬಂದರು. ಹೇಳಿದರು. ಹೋದರು. ಇನ್ನೊಬ್ಬರು ಬಂದರು, ಹೇಳಿದರು, ಹೋದರು, ಅಕ್ಕನ ಪರದೆಯಲ್ಲಿ ನಂಬರು ಮೂಡಿತು, ಅಕ್ಕ ಹೂಂ ಅಂದಳು, ಎದ್ದಳು, ಕರಿಕೋಟನ್ನು ಹ್ಯಾಂಗರಿನಿಂದ ಇಳಿಸಿದಳು, ವಕೀಲರು ಒಳಗೆ ಬಂದರು, ತೋಳು ಚಾಚಿ ನೋಡಿಕೊಂಡರು, ಬೆಳೆದಿಲ್ಲ ನೋಡಿ ಅಮ್ಮಾ ಇನ್ನೂ, ಅಂದರು, ಅಕ್ಕ ಅವರ ತುಟಿ ನೋಡಿದಳು, ಸರಿಯಾಗಿ ಊಟ ಮಾಡ್ತಿಲ್ಲ ನೀವು, ಅಂದಳು, ಮತ್ತೆ ನಗು, ಅಷ್ಟರಲ್ಲಿ ಇನ್ನೊಂದು ನಂಬರು, ಇನ್ನೊಂದು, ಸಾಲು ಕರಗುತ್ತಿದೆ, ಎಳೆ ಓಡುತ್ತಿದೆ, ಒಂಟಿ ದಾರ, ಗಂಟಿಲ್ಲದ ದಾರ, ಅದರ ನಡುವೆ ಎಲ್ಲೋ ನಿಧಾನಪ್ಪ ಸರ್ವರಿನ ಬಾಗಿಲಲ್ಲಿ ನಿಂತು ಗಲ್ಲ ಕೆರೆಯುತ್ತಲೇ ಇದ್ದಾರೆ, ಯಾರಿಗೂ ಅಡ್ಡವಾಗದೆ, ಯಾರಿಂದಲೂ ಬೈಸಿಕೊಳ್ಳದೆ — ಅದೇ ಅಲ್ಲವೇ ಮರ್ಯಾದೆ, ನಿಧಾನ ಇರುವವರಿಗೂ ಜಾಗ ಇರುವುದು — ಆಮೇಲೆ ಅವಳು ಮುಂದಿನ ಅಂಗಿಗೆ ನೀರು ಚಿಮುಕಿಸುತ್ತಿದ್ದಾಗ ಮಿಕ್ಕರ್ಧ ಬಂತು. ಹೇಳಿದರು. ಸರ್ವರು ತಿರುಗಿ, ಹಾಂ, ಅಂದಿತು, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ. ಹೋದರು. ಅವಳಿಗೆ ಕಣ್ಣು ತುಂಬಿತು, ಆವಿ, ಆವಿ ಎಂದುಕೊಂಡಳು, ಸೆರಗಿನಿಂದ ಒರೆಸಿಕೊಂಡಳು, ಹೆಮ್ಮೆ ಪಡಬಾರದು, ಯಾವುದೋ ಸಾಲಿನಲ್ಲಿ ಯಾವುದೋ ತಪ್ಪು ಇದ್ದೇ ಇರುತ್ತದೆ, ಇನ್ನೂ ಸಂಜೆಯಾಗಿಲ್ಲ, ಆದರೆ ಇದು ನಾನು ಕಟ್ಟಿದ್ದು. ನಾನೇ. ಒಳಗಿನಿಂದ ಎದ್ದ ಆ ಪದವನ್ನು ಸುಮ್ಮನಿರು ಎಂದು ಗದರಿದಳು, ಅದು ಸುಮ್ಮನಿರಲಿಲ್ಲ.

ಜನಸಂದಣಿ ಕರಗಿತು, ಬಾಗಿಲು ಮುಚ್ಚಿಕೊಂಡಿತು, ಗೋಡೆಯ ಫೋನು ಬೆಳಿಗ್ಗೆಯಿಂದ ಒಂದು ಸಲವೂ ಬಡಿದುಕೊಂಡಿಲ್ಲ, ಅದರ ಮೇಲೆ ಧೂಳು ಕೂಡ ಕೂತಿರಬೇಕು, ಇವತ್ತು ಅಕ್ಕ ಅದನ್ನು ಒರೆಸಲೇ ಇಲ್ಲ. ಭಾವ ಹ್ಯಾಂಗರು ಬಿಟ್ಟು ಅಕ್ಕನ ಎದುರಿಗೆ ಬಂದು ನಿಂತರು, ಗಂಟಲು ಸರಿಮಾಡಿಕೊಂಡರು, ಜೋರಾಗಿ, ಒಂದೊಂದೇ ಪದವನ್ನು ಕಲ್ಲು ಒಡೆದಂತೆ ಒಡೆದು, ನನ್ನ, ತಮ್ಮನಿಗೆ, ಬೇಡ ಅಂತ, ಹೇಳ್ತೀನಿ, ಅಂದರು. ಅಯ್ಯೋ ಮೆಲ್ಲಗೆ ಹೇಳ್ರೀ, ನಾನೇನು ಕಿವುಡೀನಾ, ಅಂದಳು ಅಕ್ಕ. ಭಾವ ಒಳಗಿನ ಕೋಣೆಯ ಕಡೆ ನೋಡಿದರು, ಅವಳನ್ನು, ಲ್ಯಾಪ್‌ಟಾಪನ್ನು, ಗಂಜಿಪುಡಿಯ ಡಬ್ಬವನ್ನು, ಪರವಾಗಿಲ್ಲ ಕಣಮ್ಮ ನಿನ್ನ ಡಬ್ಬ, ಅಂದರು, ಯಾವ ಡಬ್ಬ ಎಂದು ಹೇಳಲಿಲ್ಲ, ಟೀ ತರೋಕೆ ಹೋಗ್ತೀನಿ ಎಂದು ಬೀದಿಗೆ ಇಳಿದರು, ಗಾಜಿನಾಚೆ ಅವರು ಮೂಗು ಒರೆಸಿಕೊಂಡದ್ದು ಕಾಣಿಸಿತು. ಅಕ್ಕ ಕೂತೇ ಇದ್ದಾಳೆ, ಕೌಂಟರಿನಲ್ಲಿ, ಬೆನ್ನು ನೆಟ್ಟಗೆ, ತುರುಬಿನಲ್ಲಿ ಪೆನ್ಸಿಲು, ಅಂಗಡಿ ಕಾಯುತ್ತಾ. ಅವಳು ಪೆಟ್ಟಿಗೆಯನ್ನು ನಿಲ್ಲಿಸಿದಳು, ಕೆಂಪು ದೀಪ ಹತ್ತಿತು, ಬಾಗಿಲವರೆಗೆ ಬಂದಳು, ಹೇಳಬೇಕು, ಜೋರಾಗಿ ಹೇಳಿದರೆ ಅದು ಹಾಳಾಗುತ್ತದೆ, ಇಂಥ ಮಾತನ್ನು ಬೀದಿಗೆ ಕೇಳಿಸುವ ಹಾಗೆ ಹೇಗೆ ಆಡುವುದು, ಅಕ್ಕನಿಗೆ ಪಿಸುಮಾತಿನಲ್ಲಿ ಏನನ್ನಾದರೂ ಹೇಳಿ ಎಷ್ಟು ಕಾಲವಾಯಿತು, ಚಿಕ್ಕವರಿದ್ದಾಗ ಒಂದೇ ಹೊದಿಕೆಯೊಳಗೆ, ಆಮೇಲೆ ಇಲ್ಲ — ಅಕ್ಕಾ, ಅಂದಳು, ಗಂಟಲಿನಿಂದಲ್ಲ, ಉಸಿರಿನಿಂದ, ಇದನ್ನ ನಿನ್ನ ನೋಡಿ ಕಟ್ಟಿದ್ದು ಕಣೇ, ಇದು ನೀನೇ. ಅದೇ ಕ್ಷಣಕ್ಕೆ ಪರದೆಯಲ್ಲಿ ನಂಬರು ಮೂಡಿತು. ಅಕ್ಕ ತಿರುಗಲಿಲ್ಲ. ಹೂಂ, ಅಂದಳು. ಎದ್ದಳು, ಗೂಡಿನ ಕಡೆ ಕೈ ಚಾಚಿದಳು, ಒಂದು ಗಂಟು ಎತ್ತಿದಳು, ಅದನ್ನು ಒಂದು ಗಳಿಗೆ ಎದೆಗೆ ಒತ್ತಿಕೊಂಡು ನಿಂತಳೋ, ಅಥವಾ ಗಂಟು ಭಾರವಾಗಿತ್ತೋ, ಆ ಹೂಂ ನಂಬರಿಗೋ, ಬೆಳಿಗ್ಗೆಯಿಂದ ಪ್ರತಿಯೊಂದು ನಂಬರಿಗೂ ಅಂದ ಹೂಂನಂಥದ್ದೇ ಹೂಂ, ಅಥವಾ ನನಗೋ, ಎರಡೂ ಒಟ್ಟಿಗೆ ಬಂದವು, ಒಬ್ಬರು ಮೊದಲು, ಒಬ್ಬರು ಆಮೇಲೆ, ಹೊರಗೆ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ, ಕೇಳಿಸಿತೇ ಎಂದು ಕೇಳಬಹುದು, ಕೇಳುವುದಿಲ್ಲ, ಕೇಳಿಸಿತೋ ಇಲ್ಲವೋ, ಗೊತ್ತಿಲ್ಲ, ನನಗೆ ಗೊತ್ತಿಲ್ಲ — ಹಿಂದೆ ಹಲಗೆಯ ಮೇಲೆ ಕೆಂಪು ದೀಪ, ಗುಲಗಂಜಿಯಷ್ಟು, ಕಾಯುತ್ತಿದೆ.